ಪುಸ್ತಕ ಮುಚ್ಚಿಟ್ಟು ಬರೆದ ಶಾಲಾ ಸಂಚಿಕೆ

ನಮ್ಮದು ಗದಗ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲು. ಈ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಒಂದು ವಾರ್ಷಿಕ ಸಂಚಿಕೆ ತಂದೆವು. ಒಳಗೆ 48 ಪುಟ, ಮೇಲೆ ಬಣ್ಣದ ರಕ್ಷಾಪುಟ, ಡೆಮಿ 1/8 ಅಳತೆ (5.5 ಇಂಟು 8.5 ಇಂಚು), ನಡುವೆ ಎರಡು ಪಿನ್ನು. ಏನೇನು ಮಾಡಿದೆವು, ಎಲ್ಲೆಲ್ಲಿ ಸಿಕ್ಕಿಕೊಂಡೆವು ಅನ್ನೋದನ್ನ ಬರೆದಿಡುತ್ತಿದ್ದೇನೆ. ಬೇರೆ ಶಾಲೆಯವರು ಮಾಡಹೊರಟರೆ ಕೈಗೆ ಸಿಗಲಿ ಅಂತ.

ಶಾಲಾ ಸಂಚಿಕೆ ಅಂದ್ರೆ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಮೊದಲ ಎಂಟು ಪುಟ ಶುಭ ಸಂದೇಶ. ಒಂದೊಂದು ಸಂದೇಶದ ಮೇಲೂ ಒಂದೊಂದು ಫೋಟೊ. ಆಮೇಲೆ ಎಲ್ಲಿಂದಲೋ ಇಳಿಸಿಕೊಂಡ ತಾಯಿಯ ಮೇಲಿನ ಕವನ, ಹತ್ತು ಗಾದೆ, ನಾಲ್ಕು ನಗೆಹನಿ. ಕೊನೆಗೆ ಗುಂಪು ಫೋಟೊ. ಮಕ್ಕಳು ತಮ್ಮ ಮುಖ ಹುಡುಕಿ ನೋಡ್ತಾರೆ, ಪುಸ್ತಕ ಟ್ರಂಕು ಸೇರುತ್ತೆ. ಇಷ್ಟಕ್ಕೆ ಇಡೀ ವರ್ಷ ದುಡ್ಡು ಕೂಡಿಸಬೇಕಾ?

ಹಾಗಾಗಿ ಒಂದೇ ಒಂದು ನಿಯಮ ಇಟ್ಟುಕೊಂಡೆವು. ಸಂಚಿಕೆಯ ಪ್ರತಿ ಬರಹದ ಮೊದಲ ಕರಡನ್ನು ಪುಸ್ತಕ ಮುಚ್ಚಿಟ್ಟು, ತಲೆಯಲ್ಲಿ ಇದ್ದದ್ದರಿಂದಲೇ ಬರೆಯಬೇಕು. ತಿದ್ದೋದು ಆಮೇಲೆ. ಶುಭ ಸಂದೇಶಕ್ಕೆ ಎಲ್ಲರಿಗೂ ಸೇರಿ ಅರ್ಧ ಪುಟ.

ಡಮ್ಮಿ

ಶುರು ಮಾಡಿದ್ದು ಖಾಲಿ ಹಾಳೆಯಿಂದ. ಹನ್ನೆರಡು ಎ4 ಹಾಳೆ ಒಂದರ ಮೇಲೊಂದು ಇಟ್ಟು ನಡುವೆ ಮಡಚಿದರೆ 48 ಪುಟದ ಪುಸ್ತಕ ಆಗುತ್ತೆ. ಪ್ರೆಸ್ಸಿನವರು ಇದಕ್ಕೆ ಡಮ್ಮಿ ಅಂತಾರೆ. ಪ್ರತಿ ಗುಂಪಿನ ಕೈಯಲ್ಲೂ ಒಂದು ಡಮ್ಮಿ ಮಾಡಿಸಿ, 1ರಿಂದ 48ರ ತನಕ ಪುಟಸಂಖ್ಯೆ ಹಾಕಿಸಿದೆ. ಆಮೇಲೆ ಹಾಳೆಗಳನ್ನು ಬಿಡಿಸಿ ನೆಲದ ಮೇಲೆ ಹರಡಿ ಅಂದೆ. ಮೊದಲ ಹಾಳೆಯ ಒಂದು ಮಗ್ಗುಲಲ್ಲಿ 48 ಮತ್ತು 1. ತಿರುಗಿಸಿದರೆ 2 ಮತ್ತು 47. ಎರಡನೇ ಹಾಳೆಯಲ್ಲಿ 46 ಮತ್ತು 3, ಹಿಂದೆ 4 ಮತ್ತು 45. "ಏನ್ ಕಾಣ್ತದ?" ಅಂತ ಕೇಳಿ ಸುಮ್ಮನೆ ನಿಂತೆ.

ಈ ಸುಮ್ಮನೆ ನಿಲ್ಲೋದೇ ನಮ್ಮಂಥ ಮೇಷ್ಟ್ರಿಗೆ ಕಷ್ಟದ ಕೆಲಸ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಇದನ್ನು ಅಳೆದಿದ್ದಾರೆ. ಶಿಕ್ಷಕರು ಪ್ರಶ್ನೆ ಕೇಳಿ ಹೆಚ್ಚುಕಡಿಮೆ ಒಂದೇ ಸೆಕೆಂಡು ಕಾಯ್ತಾರಂತೆ. ಅಷ್ಟರಲ್ಲಿ ಬೇರೆಯವರನ್ನು ಎಬ್ಬಿಸ್ತಾರೆ, ಇಲ್ಲವೇ ತಾವೇ ಉತ್ತರ ಹೇಳಿಬಿಡ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು. ಉತ್ತರ ಉದ್ದವಾಗುತ್ತೆ, ಬಾಯೇ ಬಿಡದ ಮಕ್ಕಳೂ ಮಾತಾಡೋಕೆ ಶುರು ಮಾಡ್ತಾರೆ. ಮೂರು ಸೆಕೆಂಡು ಅಂದ್ರೆ ಏನೂ ಅಲ್ಲ ಅನಿಸುತ್ತೆ. ನಲವತ್ತು ಮಕ್ಕಳ ಎದುರು ಬಾಯಿ ಮುಚ್ಚಿಕೊಂಡು ನಿಂತು ನೋಡಿ, ಗೊತ್ತಾಗುತ್ತೆ.

ಹಿಂದಿನ ಬೆಂಚಿನಿಂದ ಒಬ್ಬಳು, "ಎರಡೂ ಕೂಡ್ಸಿದ್ರ ಎಲ್ಲಾ ಕಡೆ ನಲವತ್ತೊಂಬತ್ತ ಬರ್ತೈತ್ರಿ ಸರ್" ಅಂದಳು. ಸರಿ, ಯಾಕೆ ಅಂತ ಕೇಳಿದೆ. ಮತ್ತೆ ಕಾದೆ. ಒಂದು ಕಡೆ ಒಂದು ಏರಿದರೆ ಇನ್ನೊಂದು ಕಡೆ ಒಂದು ಇಳಿಯುತ್ತೆ, ಅದಕ್ಕೇ ಮೊತ್ತ ಬದಲಾಗಲ್ಲ ಅನ್ನೋದು ಅವರ ಬಾಯಿಂದಲೇ ಬಂತು. 64 ಪುಟದ ಪುಸ್ತಕವಾದರೆ 65. ಎನ್ ಪುಟವಾದರೆ ಎನ್ ಪ್ಲಸ್ ಒಂದು. ಎರಡು ಚರಾಕ್ಷರದ ಸಮೀಕರಣ ಕಲಿಸೋಕೆ ನಾನು ಇನ್ನು ಮುಂದೆ ಪೆನ್ನು-ಪೆನ್ಸಿಲ್ ಬೆಲೆಯ ಲೆಕ್ಕ ತಗೊಳ್ಳಲ್ಲ, ಈ ಡಮ್ಮಿಯನ್ನೇ ತಗೋತೀನಿ.

ಡಮ್ಮಿ ಹಿಡಿದು ಪ್ರೆಸ್ಸಿಗೆ ಹೋದೆವು. ಗದಗಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಸಣ್ಣ ಓಣಿಯಲ್ಲೂ ಒಂದು ಪ್ರೆಸ್ಸು ಸಿಗುತ್ತೆ. ನಾವು ಹೋದ ಕಡೆ ಹಿರಿಯ ಮುದ್ರಕರೊಬ್ಬರು ಡಮ್ಮಿ ತಿರುಗಿಸಿ ನೋಡಿ, ಎ5 (ಎ4ರ ಅರ್ಧ) ಬೇಡ, ಡೆಮಿ ಮಾಡಿ ಅಂದರು. ಕಾರಣ ಸರಳ. ಡೆಮಿ ಹಾಳೆ 18 ಇಂಚು, 23 ಇಂಚು. ಅದನ್ನು ಮೂರು ಸಲ ಮಡಚಿದರೆ ಒಂದೊಂದು ಎಲೆ 5.75 ಇಂಚು ಅಗಲ, 9 ಇಂಚು ಉದ್ದ. ಅಂಚು ಕತ್ತರಿಸಿದ ಮೇಲೆ 5.5 ಇಂಟು 8.5. ಎ5 ಹಾಳೆಯ ಅಗಲ 148 ಮಿ.ಮೀ., ಅಂದ್ರೆ 5.8 ಇಂಚಿಗೂ ಜಾಸ್ತಿ. ಆ ಕೂದಲೆಳೆಗೋಸ್ಕರ ದೊಡ್ಡ ಹಾಳೆ ತಗೋಬೇಕು, ಉಳಿದದ್ದು ರದ್ದಿ.

ಒಂದು ಡೆಮಿ ಹಾಳೆಯ ಎರಡೂ ಮಗ್ಗುಲು ಸೇರಿ 16 ಪುಟ. ಅದೇ ಒಂದು ಫಾರಂ. ನಮ್ಮ 48 ಪುಟಕ್ಕೆ ಮೂರು ಫಾರಂ. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಫಾರಂಗಳು ಒಂದರ ಪಕ್ಕ ಒಂದು ಕೂರಲ್ಲ, ಒಂದರ ಹೊಟ್ಟೆಯೊಳಗೆ ಒಂದು ಕೂರುತ್ತವೆ. ಹೊರಗಿನ ಫಾರಂನಲ್ಲಿ 1ರಿಂದ 8 ಮತ್ತು 41ರಿಂದ 48. ಮಧ್ಯದ್ದರಲ್ಲಿ 9ರಿಂದ 16 ಮತ್ತು 33ರಿಂದ 40. ಒಳಗಿನದರಲ್ಲಿ 17ರಿಂದ 32.

ಇದು ಯಾಕೆ ಮುಖ್ಯ ಅಂದ್ರೆ ಬಣ್ಣ. ಕಪ್ಪು-ಬಿಳುಪು ಫಾರಂ ಒಂದಕ್ಕೆ ಎರಡು ಪ್ಲೇಟು (ಅಚ್ಚೊತ್ತುವ ತಗಡು) ಸಾಕು, ಮಗ್ಗುಲಿಗೊಂದು. ಬಣ್ಣಕ್ಕೆ ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಅಂತ ಮಗ್ಗುಲಿಗೆ ನಾಲ್ಕು, ಒಟ್ಟು ಎಂಟು. ನಮ್ಮ ಬಜೆಟ್ಟಿನಲ್ಲಿ ಒಂದು ಫಾರಂ ಬಣ್ಣ ಮಾಡಿಸಬಹುದಿತ್ತು. ಒಳಗಿನದನ್ನು ಆರಿಸಿಕೊಂಡೆವು. ಹಾಗಾದರೆ ಬಣ್ಣದ ಫೋಟೊ ಎಲ್ಲವೂ 17 ಮತ್ತು 32ರ ನಡುವೆಯೇ ಬರಬೇಕು. ಇದನ್ನು ಮೊದಲೇ ತಿಳಿಯದೆ ಪುಟ ಹಂಚಿದವರು ಪ್ರೆಸ್ಸಿನಲ್ಲಿ ಕೂತು ಎಲ್ಲವನ್ನೂ ಮತ್ತೆ ಹಂಚಬೇಕಾಗುತ್ತೆ. ನಮ್ಮ ಮಕ್ಕಳು ಒಳಗಿನ ಫಾರಂನ ಡಮ್ಮಿಗೆ ಅರಿಶಿನ ಬಳಿದು ಗುರುತು ಮಾಡಿಕೊಂಡರು.

ಖಾಲಿ ಹಾಳೆ, ಹತ್ತು ನಿಮಿಷ

ಸಂಚಿಕೆಯ ಜೀವ ಇರುವುದು 'ಈ ವರ್ಷ ನಮ್ಮ ತಲೆಯಲ್ಲಿ ಉಳಿದದ್ದು' ಅನ್ನುವ ಭಾಗದಲ್ಲಿ. ಹದಿನಾಲ್ಕು ಪುಟ. ಮಾಡಿದ ರೀತಿ ಹೀಗೆ.

ಜೂನ್-ಜುಲೈನಲ್ಲಿ ಮುಗಿದ ಒಂದು ಪಾಠದ ಹೆಸರನ್ನು ಬೋರ್ಡಿನ ಮೇಲೆ ಬರೆಯೋದು. ಪುಸ್ತಕ, ನೋಟ್ಸು ಎಲ್ಲಾ ಚೀಲದೊಳಗೆ. ಹತ್ತು ನಿಮಿಷ ನೆನಪಿಗೆ ಬಂದದ್ದನ್ನೆಲ್ಲ ಕಪ್ಪು ಪೆನ್ನಿನಲ್ಲಿ ಬರೆಯೋದು. ಚಿತ್ರ ಬರೆದರೂ ಸರಿ. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಚೌಕ ಹಾಕಿ ಪಕ್ಕದಲ್ಲಿ ಬರೆಯೋದು. ಮಾರ್ಕ್ಸ್ ಇಲ್ಲ. ಹಾಳೆ ನನ್ನ ಕೈಗೂ ಕೊಡಬೇಕಾಗಿಲ್ಲ.

ಮೊದಮೊದಲು ಗೊಣಗಾಟ ಇತ್ತು. "ಸರ್, ಒಮ್ಮೆ ಓದಿ ಬರೀತೀವ್ರಿ" ಅಂತ. ಓದಿ ಬರೆದರೆ ಚೆಂದ ಬರುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಉಳಿಯಲ್ಲ. ಇದಕ್ಕೆ ಗಟ್ಟಿ ಆಧಾರ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗ ಕೊಟ್ಟು ನೋಡಿದರು. ಒಂದು ಸಲ ಓದಿದ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರದ್ದೇ ಮೇಲುಗೈ, 81ಕ್ಕೆ 75 ಶೇಕಡಾ. ಒಂದು ವಾರ ಬಿಟ್ಟು ಕೇಳಿದರೆ ಉಲ್ಟಾ. ಓದಿದವರಿಗೆ 42, ನೆನಪಿನಿಂದ ಬರೆದವರಿಗೆ 56. ಈ ನಾಲ್ಕು ಅಂಕಿಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಲ್ಲೇ ಬಿಟ್ಟಿದ್ದೆ. ಗೊಣಗಾಟ ನಿಂತದ್ದು ಅಂಕಿಯಿಂದಲ್ಲ, ಮಾರ್ಕ್ಸ್ ಇಲ್ಲ ಅಂತ ಖಾತ್ರಿ ಆದ ಮೇಲೆ. ಅದು ಬೇರೆ ಮಾತು.

ಒಂದು ಹಾಳೆ ತೋರಿಸ್ತೀನಿ. ಗುರುತ್ವದ ಪಾಠ. ಒಬ್ಬ ಹುಡುಗ ಹೀಗೆ ಬರೆದಿದ್ದ: "ನನ್ನ ತೂಕ 50 ಕೆಜಿ. ಚಂದ್ರನ ಮೇಲೆ ನನ್ನ ದ್ರವ್ಯರಾಶಿ ಆರನೇ ಒಂದು ಭಾಗ ಆಗುತ್ತದೆ. ಅಂದರೆ ನಾನು ಸಣ್ಣಗಾಗುತ್ತೇನೆ." ಕೊನೆಯ ವಾಕ್ಯ ನೋಡಿ ಇಡೀ ಕ್ಲಾಸು ನಕ್ಕಿತು, ಅವನೂ ನಕ್ಕ. ಆದರೆ ಎಷ್ಟು ಒಳ್ಳೆಯ ತಪ್ಪು ನೋಡಿ. ಅವನ ತಲೆಯಲ್ಲಿ ಏನು ನಡೀತಿದೆ ಅಂತ ಒಂದೇ ಸಾಲಿನಲ್ಲಿ ಗೊತ್ತಾಯ್ತು. ಪರೀಕ್ಷೆಯಲ್ಲಿ ಇವನೇ ಎರಡು ಅಂಕದ ವ್ಯಾಖ್ಯೆಯನ್ನು ಅಕ್ಷರ ಬಿಡದೆ ಬರೆದು ಫುಲ್ ಮಾರ್ಕ್ಸ್ ತಗೊಂಡಿದ್ದ. ತಿದ್ದಿದ ಮೇಲೆ ಅವನ ಬರಹ ಹೀಗಾಯಿತು: "ನನ್ನ ದ್ರವ್ಯರಾಶಿ ಇಲ್ಲೂ 50 ಕೆಜಿ, ಚಂದ್ರನಲ್ಲೂ 50 ಕೆಜಿ. ನನ್ನ ತೂಕ ಇಲ್ಲಿ 490 ನ್ಯೂಟನ್, ಅಲ್ಲಿ ಸುಮಾರು 81. ಚಂದ್ರ ನನ್ನನ್ನು ಕಡಿಮೆ ಎಳೆಯುತ್ತದೆ. ನಾನು ಸಣ್ಣಗಾಗುವುದಿಲ್ಲ, ಊಟ ಬಿಟ್ಟರೆ ಮಾತ್ರ ಸಣ್ಣಗಾಗುತ್ತೇನೆ."

ಸಂಚಿಕೆಯಲ್ಲಿ ಎರಡನ್ನೂ ಹಾಕಿದೆವು. ಎಡ ಪುಟದಲ್ಲಿ ಮೊದಲು ಬರೆದದ್ದು, ಬಲ ಪುಟದಲ್ಲಿ ತಿದ್ದಿದ್ದು. ಮೊದಲ ಬರಹದ ಕೆಳಗೆ ಹೆಸರು ಹಾಕಲಿಲ್ಲ, ತಿದ್ದಿದ್ದರ ಕೆಳಗೆ ಬೇಕಾದವರು ಹಾಕಿಸಿಕೊಂಡರು. ತಪ್ಪನ್ನು ಅಚ್ಚು ಹಾಕಿಸೋದು ಸರಿಯಲ್ಲ ಅಂತ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಜಗ್ಗಾಟ ಆಯ್ತು. ನನಗೆ ಮಾತ್ರ ಆ ಎಡ ಪುಟಗಳೇ ಇಡೀ ಪುಸ್ತಕದ ಆಸ್ತಿ. ಮುಂದಿನ ವರ್ಷ ಇದೇ ಪಾಠ ಮಾಡುವಾಗ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನೋದು ಅದರಲ್ಲೇ ಅಚ್ಚಾಗಿದೆ.

ಒಂದು ತಾಂತ್ರಿಕ ಮಾತು. ಕೈಬರಹ ಸ್ಕ್ಯಾನ್ ಮಾಡಿ ಹಾಕೋದಾದರೆ ಕಪ್ಪು ಪೆನ್ನೇ ಇರಲಿ. ನೀಲಿ ಬಾಲ್‌ಪೆನ್ನು ಕಪ್ಪು-ಬಿಳುಪಿನಲ್ಲಿ ಬೂದು ಬಣ್ಣಕ್ಕೆ ತಿರುಗುತ್ತೆ. ಕೆಂಪು ಪೆನ್ನಿನ ತಿದ್ದುಪಡಿ ಕಪ್ಪಿನ ಜೊತೆ ಬೆರೆತು ಗುರುತೇ ಸಿಗಲ್ಲ. ಅದಕ್ಕೇ ನಾವು ಬಣ್ಣ ಬಿಟ್ಟು ಚೌಕ ಹಾಕುವ ಪದ್ಧತಿಗೆ ಹೋದದ್ದು.

ಒಂದು ಪಾಠವನ್ನು ಒಂದೇ ಸಲ ನೆನಪಿಸಿಕೊಂಡು ಬಿಡಲಿಲ್ಲ. ಒಂದು ವಾರ ಬಿಟ್ಟು, ಮತ್ತೆ ಒಂದು ತಿಂಗಳು ಬಿಟ್ಟು ಅದೇ ಖಾಲಿ ಹಾಳೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ಮರೆವನ್ನು ಅಳೆದಿದ್ದ. ಅಂತರ ಬಿಟ್ಟು ಓದೋದೇ ಲಾಭ ಅಂತ ಅಂದೇ ಬರೆದಿಟ್ಟಿದ್ದಾನೆ. ನಾವಿನ್ನೂ ಪರೀಕ್ಷೆಯ ಹಿಂದಿನ ರಾತ್ರಿ ಓದಿಸ್ತಾ ಇದ್ದೀವಿ. ಪಾಠಗಳ ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು, ಅವಕ್ಕೆ ಚಪ್ಪಲಿ ಡಬ್ಬಿ ಮೂರು ಇಟ್ಟಿದ್ದೆವು. ಸರಿ ಉತ್ತರ ಬಂದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲ ಡಬ್ಬಿಗೆ ವಾಪಸ್. ಮೊದಲ ಡಬ್ಬಿ ದಿನಾ ತೆಗೆಯೋದು, ಮೂರನೆಯದ್ದು ಹದಿನೈದು ದಿನಕ್ಕೊಮ್ಮೆ. ವರ್ಷದ ಕೊನೆಗೆ ಮೊದಲ ಡಬ್ಬಿ ಬಿಟ್ಟು ಏಳದ ಹಟಮಾರಿ ಪ್ರಶ್ನೆಗಳೆಲ್ಲ ಸಂಚಿಕೆಯ 45 ಮತ್ತು 46ನೇ ಪುಟಕ್ಕೆ ಹೋದವು, 'ಮುಂದಿನ ಬ್ಯಾಚಿಗೆ ನಮ್ಮ ಕಾಣಿಕೆ' ಅನ್ನೋ ಹೆಸರಿನಲ್ಲಿ. ಹೆಸರು ಇಟ್ಟದ್ದು ಮಕ್ಕಳೇ. ಸ್ವಲ್ಪ ಕುಚೋದ್ಯ ಇದೆ.

ಹೋಗದವರು ಬರೆದ ಪ್ರವಾಸ

ಸುತ್ತಲ ಜಾಗಗಳ ಬಗ್ಗೆ ಎಂಟು ಪುಟ ಬೇಕಿತ್ತು. ಲಕ್ಕುಂಡಿ, ಕಣಗಿನಹಾಳ, ಮಾಗಡಿ ಕೆರೆ, ಬೆಟಗೇರಿಯ ಮಗ್ಗಗಳು. ಎಲ್ಲರನ್ನೂ ಎಲ್ಲಾ ಕಡೆ ಕರ್ಕೊಂಡು ಹೋಗೋಕೆ ದುಡ್ಡಿಲ್ಲ. ಇಲ್ಲಿ ಜಿಗ್‌ಸಾ ಅನ್ನೋ ವಿಧಾನ ಕೈ ಹಿಡಿಯಿತು. ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನ ಶಾಲೆಗಳಲ್ಲಿ ಇದನ್ನು ಶುರು ಮಾಡಿದ್ದು. ಆಗಷ್ಟೇ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಿದ್ದರು, ಜಗಳ ಜೋರಾಗಿತ್ತು. ಪ್ರತಿ ಮಗುವಿನ ಹತ್ತಿರ ಉಳಿದವರಿಗೆ ಬೇಕಾದ ಒಂದು ತುಣುಕು ಮಾಹಿತಿ ಇದ್ದರೆ, ಒಬ್ಬರ ಮಾತು ಇನ್ನೊಬ್ಬರು ಕೇಳಲೇಬೇಕಲ್ವಾ? ಅದೇ ಅದರ ಮರ್ಮ.

ನಾಲ್ಕು ಜನರ ಗುಂಪು. ಗುಂಪಿನಿಂದ ಒಬ್ಬೊಬ್ಬರು ಒಂದೊಂದು ಜಾಗಕ್ಕೆ. ಒಂದೇ ಜಾಗಕ್ಕೆ ಹೋದವರೆಲ್ಲ ಮೊದಲು ತಾವು ತಾವೇ ಕೂತು ಮಾತಾಡಿ ಗಟ್ಟಿ ಮಾಡ್ಕೋತಾರೆ. ಆಮೇಲೆ ತಮ್ಮ ಮೂಲ ಗುಂಪಿಗೆ ಬಂದು ಉಳಿದ ಮೂವರಿಗೆ ಪಾಠ ಮಾಡ್ತಾರೆ. ಇಲ್ಲಿ ನಾನೊಂದು ತಿರುವು ಸೇರಿಸಿದೆ. ಲೇಖನ ಬರೆಯಬೇಕಾದವರು ಆ ಜಾಗಕ್ಕೆ ಹೋಗದವರು. ಹೋಗಿಬಂದವರು ಪೆನ್ನು ಮುಟ್ಟುವ ಹಾಗಿಲ್ಲ, ಬಾಯಲ್ಲಿ ಹೇಳಿ ಅರ್ಥ ಮಾಡಿಸಬೇಕು, ಕೊನೆಗೆ ಸರಿಯಿದೆಯಾ ಅಂತ ನೋಡಬೇಕು.

ಇದರಿಂದ ಹೇಳುವವರಿಗೆ ಬಿಸಿ ಮುಟ್ಟಿತು. ಕಣಗಿನಹಾಳಕ್ಕೆ ಹೋದವಳು ಬಂದು, "ಅಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘ ಐತಿ, 1905ರಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು" ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಬರೆಯುವವನು ಬಿಡಲಿಲ್ಲ. "ಸಂಘ ಅಂದ್ರ ಏನ್ ಮಾಡತಿತ್ತು? ಅದಕ್ಕಿಂತ ಮೊದಲ ರೈತರು ಸಾಲ ಎಲ್ಲಿ ತಗೋತಿದ್ರು?" ಅಂದ. ಅವಳಿಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿಂದ 1904ರ ಸಹಕಾರಿ ಪತ್ತಿನ ಸಂಘಗಳ ಕಾನೂನು, ಸಾಹುಕಾರರ ಬಡ್ಡಿ ಇದೆಲ್ಲ ಹುಡುಕಿಕೊಂಡು ಬಂದಳು. ಸಮಾಜ ವಿಜ್ಞಾನದ ಮೇಷ್ಟ್ರು ಆ ದಿನ ಬಹಳ ಖುಷಿಯಲ್ಲಿದ್ದರು.

ಲಕ್ಕುಂಡಿಯ ಗುಂಪು ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನು ಬಿಟ್ಟು ಬಾವಿಗಳ ಮೆಟ್ಟಿಲು ಎಣಿಸೋದರಲ್ಲೇ ಮುಳುಗಿತ್ತು. ಇರಲಿ ಬಿಡಿ.

ಎಲ್ಲಾ ಚೆಂದ ಐತ್ರಿ

ಗೆಳೆಯನ ಬರಹ ಓದಿ ಅಭಿಪ್ರಾಯ ಹೇಳಿ ಅಂದ್ರೆ ಮಕ್ಕಳು ಹೇಳೋದು ಎರಡೇ. "ಎಲ್ಲಾ ಚೆಂದ ಐತ್ರಿ", ಇಲ್ಲಾಂದ್ರೆ "ಅಕ್ಷರ ಗುಂಡಗ ಇಲ್ಲ". ಎರಡರಿಂದಲೂ ಬರಹ ಒಂದಿಂಚು ಮುಂದೆ ಹೋಗಲ್ಲ. ಅಮೆರಿಕದ ಶಿಕ್ಷಕ ರಾನ್ ಬರ್ಗರ್ ತಮ್ಮ ಮಕ್ಕಳಿಗೆ ಮೂರು ಕಟ್ಟು ಹಾಕಿದ್ದರು. ಹೇಳೋದು ಮೆತ್ತಗಿರಬೇಕು, ನಿರ್ದಿಷ್ಟವಾಗಿರಬೇಕು, ಉಪಯೋಗಕ್ಕೆ ಬರಬೇಕು. ನಾವು ಅದಕ್ಕೆ ಇನ್ನೊಂದು ಸೇರಿಸಿದೆವು. ಅಭಿಪ್ರಾಯ ಪ್ರಶ್ನೆಯ ರೂಪದಲ್ಲೇ ಇರಬೇಕು.

ಮಾಗಡಿ ಕೆರೆಯ ಲೇಖನದ ಮೊದಲ ಕರಡು ಇಷ್ಟು: "ಮಾಗಡಿ ಕೆರೆಯು ನೋಡಲು ಬಹಳ ಸುಂದರವಾಗಿದೆ. ಇಲ್ಲಿಗೆ ಅನೇಕ ವಿದೇಶಿ ಪಕ್ಷಿಗಳು ಬರುತ್ತವೆ. ನಾವೆಲ್ಲರೂ ಪಕ್ಷಿಗಳನ್ನು ಉಳಿಸಬೇಕು." ಪರೀಕ್ಷೆಯ ಪ್ರಬಂಧದ ಅಚ್ಚು. ಹಾಳೆ ಬೆಂಚಿನಿಂದ ಬೆಂಚಿಗೆ ಹೋಗಿ ವಾಪಸ್ ಬಂದಾಗ ಅಂಚಿನಲ್ಲಿ ಪೆನ್ಸಿಲ್ಲಿನ ಪ್ರಶ್ನೆಗಳು: ಯಾವ ಹಕ್ಕಿ? ಎಲ್ಲಿಂದ ಬರ್ತಾವ? ಯಾವಾಗ ಹೋದ್ರ ಕಾಣ್ತಾವ? ಹೊಟ್ಟಿಗೆ ಏನ್ ತಿಂತಾವ? ರೈತರು ಏನ್ ಅಂತಾರ?

ಬರೆಯುವವಳು ಈ ಪ್ರಶ್ನೆ ಹಿಡಿದು ಹೋಗಿಬಂದವನನ್ನು ಮತ್ತೆ ಕಾಡಿದಳು. ಕೊನೆಯ ರೂಪದ ಒಂದು ತುಣುಕು: "ಚಳಿಗಾಲದಲ್ಲಿ ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಪಟ್ಟೆ ತಲೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ನಮ್ಮ ಗೆಳೆಯ ಬೆಳಿಗ್ಗೆ ಬೇಗ ಹೋದಾಗ ಕೆರೆಯಲ್ಲಿ ಜಾಸ್ತಿ ಇರಲಿಲ್ಲ. ಹೊಲಕ್ಕೆ ಮೇಯಲು ಹೋಗಿದ್ದವು. ಬಿಸಿಲೇರಿದ ಮೇಲೆ ಸಾಲುಗಟ್ಟಿ ಬಂದು ನೀರಿಗಿಳಿದವು. 'ನಮ್ಮ ಕಡ್ಲಿ ತಿಂದು ಇಲ್ಲಿ ಬಂದು ನಿದ್ದಿ ಮಾಡ್ತಾವ' ಎಂದು ಒಬ್ಬ ಅಜ್ಜ ಹೇಳಿದರು." ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದೂ ಲೇಖನದಲ್ಲಿದೆ. ಅಜ್ಜನ ಮಾತು ಮಾತ್ರ ಶುದ್ಧ ಮಾಡಲಿಲ್ಲ. ಸಂದರ್ಶನದಲ್ಲಿ ಬಂದದ್ದೆಲ್ಲ ಗದಗಿನ ಮಾತಿನಲ್ಲೇ ಇರಲಿ ಅಂತ ಮಕ್ಕಳ ಸಂಪಾದಕ ಮಂಡಳಿ ತೀರ್ಮಾನಿಸಿತು. ನಾನೂ ಕೈ ಎತ್ತಿದೆ.

ಫೋಟೊ

ಫೋನಿನ ಕ್ಯಾಮೆರಾ ಸಾಕು. ಹಾಳು ಮಾಡೋದು ಕ್ಯಾಮೆರಾ ಅಲ್ಲ, ವಾಟ್ಸಾಪು. 12 ಮೆಗಾಪಿಕ್ಸೆಲ್ ಫೋಟೊ ಅಂದ್ರೆ 4000 ಇಂಟು 3000 ಚುಕ್ಕಿ. ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು. ಅಂದ್ರೆ ಆ ಫೋಟೊ 13 ಇಂಚಿನ ತನಕ ಹಿಗ್ಗುತ್ತೆ. ಅದನ್ನೇ ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಕುಗ್ಗಿ, 1600ರ ಆಸುಪಾಸಿಗೆ ಬಂದು ಕೂರುತ್ತೆ. ಐದು ಇಂಚಿಗೆ ನಡೆಯುತ್ತೆ, ಎರಡು ಪುಟದ ಗುಂಪು ಫೋಟೊಗೆ ಮಸುಕು. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಮೂಲ ಹಾಗೇ ಬರುತ್ತೆ.

ಗುಂಪು ಫೋಟೊ 24 ಮತ್ತು 25ನೇ ಪುಟದಲ್ಲಿ, ಪುಸ್ತಕದ ಸರಿಯಾದ ನಡುವೆ. ಅಲ್ಲಿ ಎರಡೂ ಪುಟ ಒಂದೇ ಹಾಳೆ, ಚಿತ್ರ ಮುರಿಯಲ್ಲ. ಆದರೆ ಪಿನ್ನು ಹೊಡೆಯೋದೂ ಅಲ್ಲೇ. ನಡುವೆ ನಿಂತವರ ಮೂಗಿಗೇ ಪಿನ್ನು. ಅದಕ್ಕೆ ಸಾಲಿನ ಮಧ್ಯದಲ್ಲಿ ಒಬ್ಬರಷ್ಟು ಜಾಗ ಬಿಟ್ಟು ಶಾಲೆಯ ಗಂಟೆಯ ಕಂಬ ಬರೋ ಹಾಗೆ ನಿಲ್ಲಿಸಿದೆವು.

ಇನ್ನೊಂದು, ಹಾಜರಿ ಪಟ್ಟಿ ಇಟ್ಟುಕೊಂಡು ಯಾರ ಮುಖ ಎಷ್ಟು ಸಲ ಬಂದಿದೆ ಅಂತ ಗೀಟು ಹಾಕಿಸಿದೆ. ಭಾಷಣ ಮಾಡುವವರು, ಕಬಡ್ಡಿ ಆಡುವವರು ಎಲ್ಲಾ ಕಡೆ ಇರ್ತಾರೆ. ಮೂಲೆಯಲ್ಲಿ ಕೂರುವ ಮಕ್ಕಳಿಗೆ ಗುಂಪು ಫೋಟೊ ಬಿಟ್ಟರೆ ಗತಿಯಿಲ್ಲ. ಪ್ರತಿ ಮಗುವೂ ಗುಂಪಿನ ಹೊರಗೆ ಕನಿಷ್ಠ ಒಂದು ಕಡೆ ಬರಬೇಕು ಅಂತ ಪುಟಗಳನ್ನು ಮತ್ತೆ ಹೊಂದಿಸಿದೆವು. ಫೋಟೊ ಹಾಕೋಕೆ ಪಾಲಕರಿಂದ ಸಹಿ ತಗೊಂಡೆವು. ಫೋನ್ ನಂಬರು, ಮನೆ ವಿಳಾಸ ಯಾರದ್ದೂ ಹಾಕಲಿಲ್ಲ.

ಅರ್ಕಾವೊತ್ತಿನ ಕಾಟ

ಮಕ್ಕಳು ಫೋನಿನಲ್ಲೇ ಟೈಪ್ ಮಾಡಿದರು. ಅದು ಯೂನಿಕೋಡ್, ಅಂದ್ರೆ ಈಗಿನ ಫೋನು-ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ. ಪ್ರೆಸ್ಸಿನಲ್ಲಿ ಇರೋದು ಹಳೇ ಪೇಜ್‌ಮೇಕರ್, ಆ ಪುಟ ಜೋಡಿಸುವ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಅರ್ಥ ಆಗಲ್ಲ. 'ನುಡಿ' ಅನ್ನೋ ಕನ್ನಡ ತಂತ್ರಾಂಶದ ಹಳೇ ಅಕ್ಷರಕ್ಕೆ ಪರಿವರ್ತಿಸಿ ಹಾಕಿದರು. ಬಂದ ಪ್ರೂಫ್ ನೋಡಿದರೆ 'ಸೂರ್ಯ', 'ಕರ್ನಾಟಕ', 'ವರ್ಷ' ಎಲ್ಲವೂ ಮುರಿದು ಬಿದ್ದಿದ್ದವು. ಅರ್ಕಾವೊತ್ತು ಇದ್ದಲ್ಲೆಲ್ಲ ಚೌಕ ಇಲ್ಲವೇ ಪಕ್ಕದ ಅಕ್ಷರಕ್ಕೆ ಅಂಟಿದ ಗೆರೆ. ಕೈಯಲ್ಲಿ ತಿದ್ದುತ್ತಾ ಕೂತರೆ ಬೇಸಿಗೆ ರಜೆ ಬರುತ್ತೆ.

ಪರಿಹಾರ, ಪುಟ ವಿನ್ಯಾಸವನ್ನು ನಾವೇ ಮಾಡಿ ಪಿಡಿಎಫ್ ಕೊಡೋದು. ಕಪ್ಪು-ಬಿಳುಪಿನ ಎರಡು ಫಾರಂ ಲಿಬ್ರೆಆಫೀಸ್‌ನಲ್ಲಿ, ಬಣ್ಣದ ಫಾರಂ ಸ್ಕ್ರೈಬಸ್ 1.6ರಲ್ಲಿ. ಎರಡೂ ಉಚಿತ ತಂತ್ರಾಂಶ. ಅಕ್ಷರ ನೋಟೊ ಸೆರಿಫ್ ಕನ್ನಡ, ಅದೂ ಉಚಿತ. ಬಣ್ಣದ ಪುಟಕ್ಕೆ ಸ್ಕ್ರೈಬಸ್ ಯಾಕೆ ಅಂದ್ರೆ, ಅದು ಕಪ್ಪು ಅಕ್ಷರವನ್ನು ಬರೀ ಕಪ್ಪು ಶಾಯಿಯಲ್ಲೇ ಇಡುತ್ತೆ. ಇಲ್ಲಾಂದ್ರೆ ಕಪ್ಪು ನಾಲ್ಕೂ ಬಣ್ಣದಲ್ಲಿ ಹಂಚಿಹೋಗಿ, ಪ್ಲೇಟು ಒಂದು ಕೂದಲು ಸರಿದರೂ ಒತ್ತಕ್ಷರದ ಸುತ್ತ ನೆರಳು ಕಾಣುತ್ತೆ. ಪಿಡಿಎಫ್ ಮಾಡುವಾಗ ಫಾಂಟು ಒಳಗೇ ಸೇರಿಸಿ. ಚಿತ್ರ ಅಂಚಿನ ತನಕ ಹೋಗುತ್ತಿದ್ದರೆ ಅದನ್ನು ಅಂಚಿನಾಚೆಗೂ 3 ಮಿ.ಮೀ. ಚಾಚಿಸಿ. ಪುಟಸಂಖ್ಯೆಯನ್ನು ಅಂಚಿನಿಂದ ಒಂದು ಸೆಂ.ಮೀ. ಒಳಗಿಡಿ. 24 ಎಲೆಗಳು ಒಂದರೊಳಗೊಂದು ಕೂತಾಗ ನಡುವಿನ ಪುಟಗಳು ಸುಮಾರು ಒಂದು ಮಿ.ಮೀ. ಹೊರಚಾಚುತ್ತವೆ, ಕತ್ತರಿ ಅಲ್ಲಿ ಜಾಸ್ತಿ ತಿನ್ನುತ್ತೆ.

ಪ್ರೂಫ್ ಓದಿದ್ದು ಜೋಡಿಯಾಗಿ. ಒಬ್ಬರು ಗಟ್ಟಿಯಾಗಿ ಓದೋದು, ಇನ್ನೊಬ್ಬರು ಬೆರಳಿಟ್ಟು ನೋಡೋದು. ಬರೆದವರು ತಮ್ಮದನ್ನು ತಾವೇ ಓದುವ ಹಾಗಿಲ್ಲ, ಅವರ ಕಣ್ಣಿಗೆ ಇರಬೇಕಾದದ್ದು ಕಾಣುತ್ತೆ, ಇರೋದು ಕಾಣಲ್ಲ. ಹೆಸರುಗಳ ಪಟ್ಟಿಗೆ ಮಾತ್ರ ಬೇರೆ ವ್ಯವಸ್ಥೆ. ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ಸಹಿ ಹಾಕಬೇಕು. ಇಡೀ ಸಂಚಿಕೆಯಲ್ಲಿ ಎಲ್ಲಿ ತಪ್ಪಾದರೂ ಜನ ಕ್ಷಮಿಸ್ತಾರೆ, ಹೆಸರಲ್ಲಿ ಒಂದು ದೀರ್ಘ ಹೋದರೆ ಕ್ಷಮಿಸಲ್ಲ.

ಪ್ರೆಸ್ಸಿನಲ್ಲಿ

ಒಳಪುಟಕ್ಕೆ 70 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ಲೆಕ್ಕ) ಮ್ಯಾಪ್‌ಲಿಥೊ, ಬಣ್ಣದ ಫಾರಂಗೆ 90 ಜಿಎಸ್ಎಂ ಆರ್ಟ್ ಪೇಪರ್, ರಕ್ಷಾಪುಟಕ್ಕೆ 250 ಜಿಎಸ್ಎಂ. 50-60 ಪ್ರತಿ ಸಾಕು ಅನ್ನೋರು ಡಿಜಿಟಲ್‌ನಲ್ಲೇ ತೆಗೆಸಿ. ಆಫ್‌ಸೆಟ್‌ನಲ್ಲಿ (ಪ್ಲೇಟಿನಿಂದ ಒತ್ತುವ ವಿಧಾನ) ಪ್ಲೇಟಿನ ಖರ್ಚು ಒಂದು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಪ್ರತಿ ಹೆಚ್ಚಾದಷ್ಟೂ ತಲಾ ಬೆಲೆ ಇಳಿಯುತ್ತೆ. ನಮ್ಮ ಖರ್ಚಿಗೆ ಎಸ್‌ಡಿಎಂಸಿ, ಹಳೇ ವಿದ್ಯಾರ್ಥಿಗಳು ಮತ್ತು ಊರಿನ ಅಂಗಡಿಗಳ ಎರಡು ಪುಟ ಜಾಹೀರಾತು. ಜಾಹೀರಾತಿನ ಸಾಲುಗಳನ್ನೂ ಮಕ್ಕಳೇ ಬರೆದರು. ಮಿರ್ಚಿ ಅಂಗಡಿಯವರದ್ದು ಉಳಿದೆಲ್ಲಾ ಬರಹಕ್ಕಿಂತ ಚೆನ್ನಾಗಿದೆ ಅಂತ ಊರವರ ಅಭಿಪ್ರಾಯ.

ಬಣ್ಣದ ಫಾರಂ ಅಚ್ಚಾಗುವಾಗ ಸಂಪಾದಕ ಮಂಡಳಿಯ ಮಕ್ಕಳನ್ನು ಕರ್ಕೊಂಡು ಹೋಗಿದ್ದೆ. ಮುದ್ರಕರು ಒಂದು ಭೂತಗನ್ನಡಿ ಕೊಟ್ಟು ಗುಂಪು ಫೋಟೊ ನೋಡಿ ಅಂದರು. ಕೆನ್ನೆಯ ಬಣ್ಣ ಅಂತ ಕಾಣುತ್ತಿದ್ದದ್ದು ಕನ್ನಡಿಯಲ್ಲಿ ಹಳದಿ, ಕೆನ್ನೇರಳೆ ಚುಕ್ಕಿಗಳ ಗುಂಪು, ಅಲ್ಲಲ್ಲಿ ನೀಲಿ. ಕಣ್ಣಿನ ಕಪ್ಪಿನಲ್ಲಿ ಚುಕ್ಕಿ ದಪ್ಪ, ಬಿಳಿ ಅಂಗಿಯ ಮೇಲೆ ಬರೀ ಸೂಜಿಮೊನೆ. ಒಬ್ಬ ಹುಡುಗಿ, "ಹಂಗಾರ ಹಸಿರು ಶಾಯಿ ಇಲ್ಲೇ ಇಲ್ಲೇನ್ರಿ?" ಅಂದಳು. ಮುದ್ರಕರು ಉತ್ತರ ಹೇಳಲಿಲ್ಲ. ಹಿಂದಿನ ಬೇವಿನ ಮರ ತೋರಿಸಿ ಕನ್ನಡಿ ಅವಳ ಕೈಗೇ ಕೊಟ್ಟು ಸುಮ್ಮನೆ ನಿಂತರು. ಹಳದಿ ಮತ್ತು ನೀಲಿ ಚುಕ್ಕಿಗಳನ್ನು ಅವಳೇ ಕಂಡುಕೊಂಡಳು. ಕಾಯೋದರಲ್ಲಿ ಅವರು ನನಗಿಂತ ಜಾಣರು.

ಹಂಚಿದ ಮೇಲೆ ನಡೆದದ್ದು ಇಷ್ಟು. ಎಂಟನೇ ತರಗತಿಯ ಮಕ್ಕಳು 45ನೇ ಪುಟದ ಪ್ರಶ್ನೆಗಳನ್ನು ಹಿಡಿದು ಒಂಬತ್ತನೆಯವರನ್ನು ಮೈದಾನದಲ್ಲಿ ಅಡ್ಡಗಟ್ಟಿ ಕೇಳ್ತಾ ಇದ್ದಾರೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬರುವ ವರ್ಷ ಬದಲಾಯಿಸೋದು ಎರಡು. ಗಣಿತಕ್ಕೆ ಹದಿನಾಲ್ಕರಲ್ಲಿ ಎರಡೇ ಪುಟ ಸಿಕ್ಕಿತ್ತು, ಅದು ಸಾಲದು. ಖಾಲಿ ಹಾಳೆಗಳನ್ನು ಜುಲೈನಿಂದಲೇ ವಿಷಯವಾರು ಫೈಲಿಗೆ ಹಾಕಬೇಕು. ಡಿಸೆಂಬರಿನಲ್ಲಿ ಹುಡುಕುತ್ತಾ ಕೂರೋದು ಬೇಡ.

ಪ್ರೆಸ್ಸಿಗೆ ಹೋಗುವವರು ಜನವರಿಯ ಮೊದಲ ವಾರದಲ್ಲೇ ಪಿಡಿಎಫ್ ಕೊಟ್ಟುಬಿಡಿ. ಡಿಸೆಂಬರಿನಲ್ಲಿ ಅವರು ಕ್ಯಾಲೆಂಡರಿನ ಗಡಿಬಿಡಿಯಲ್ಲಿ ಇರ್ತಾರೆ, ಫೆಬ್ರವರಿಯಿಂದ ಮದುವೆ ಪತ್ರಿಕೆ ಮತ್ತು ಜಾತ್ರೆಯ ಪೋಸ್ಟರು. ನಡುವೆ ಸಿಗೋ ಆ ಮೂರು ವಾರದಲ್ಲಿ ಕೆಲಸವೂ ಬೇಗ ಆಗುತ್ತೆ, ಭೂತಗನ್ನಡಿ ಕೊಟ್ಟು ತೋರಿಸೋಕೆ ಅವರಿಗೆ ಪುರಸೊತ್ತೂ ಇರುತ್ತೆ.